ನೊರೆ ವೈನಿನ ನಾಡಿಗೆ ಒಂದು ದಿನ: ಜತ್ತದ ದ್ರಾಕ್ಷಿ ಬೆಳೆಗಾರರು ಕಂಡದ್ದು, ಕೇಳಿದ್ದು

ಜತ್ತ ತಾಲೂಕಿನಲ್ಲಿ ದ್ರಾಕ್ಷಿಗೆ ಇರುವುದು ಎರಡೇ ದಾರಿ. ಒಂದು, ಪೆಟ್ಟಿಗೆ ತುಂಬಿಕೊಂಡು ಪೇಟೆಗೆ ಹೋಗುವ ದಾರಿ. ಇನ್ನೊಂದು, ಶೆಡ್ಡಿನ ಜಾಳಿಗೆಯ ಮೇಲೆ ಒಣಗಿ, ಮಣೂಕವಾಗಿ ತಾಸಗಾಂವ, ಸಾಂಗಲಿಯ ಸವಾಲಿಗೆ ಹೋಗುವ ದಾರಿ. ಗಡಿಯ ಆಚೆ ಟಿಕೋಟಾ, ವಿಜಯಪುರದ ರೈತರದೂ ಇದೇ ಕಥೆ. ಪೇಟೆಯಲ್ಲಿ ದರ ಬಿದ್ದರೆ ಮಣೂಕ ಮಾಡುತ್ತೇವೆ, ಮಣೂಕದ ದರ ಬಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ದೇವರ ಮೇಲೆ ಭಾರ ಹಾಕುತ್ತೇವೆ.

ಈಗ ಮೂರನೆಯ ದಾರಿಯ ಮಾತು ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಅದು ವೈನಿನ ದಾರಿ. ಅದರಲ್ಲೂ ಬಾಟಲಿ ಬಿಚ್ಚಿದರೆ ಬುಸ್ಸೆಂದು ನೊರೆ ಏಳುವ, ಪೇಟೆಯವರು ಶಾಂಪೇನ್ ಎಂದು ಕರೆಯುವ ವೈನು. "ಅದರ ದ್ರಾಕ್ಷಿ ಹಚ್ಚಿದರ ಡಬಲ್ ದರ" ಎಂದು ಹೇಳಿಕೊಂಡು ತಿರುಗುವ ಮಧ್ಯಸ್ಥರೂ ಇದ್ದಾರೆ. ಅಂಥ ಮಾತು ಕೇಳಿ ಉಮದಿ ಭಾಗದ ಹಿರಿಯ ರೈತರೊಬ್ಬರ ಮಗ, ಕಾಯಿ ಕೊಡುತ್ತಿರುವ ಎರಡು ಎಕರೆ ಪಡವನ್ನೇ ಕಿತ್ತು ವೈನಿನ ತಳಿ ಹಚ್ಚುವ ಯೋಚನೆ ಮಾಡಿದ್ದ. ಎರಡು ಎಕರೆ ಎಂದರೆ ಆ ಮನೆಯ ಅನ್ನ. ತಂದೆಯವರು ಒಂದೇ ಮಾತು ಹೇಳಿದರು: "ಹಲ್ಲ ನೋಡದ ಎತ್ತ ಕೊಳ್ಳಬಾರದು. ಮೊದಲ ಹೋಗಿ ನೋಡಿ ಬರೂಣು."

ಹಾಗೆ ಹೊರಟಿತು ನಮ್ಮ ತಂಡ. ಕಾಕಾ, ಅವರ ಮಗ, ಸಂಖದ ನಿವೃತ್ತ ಮಾಸ್ತರರು, ಟಿಕೋಟಾ ಕಡೆಯ ಮಣೂಕದ ಸಾವಕಾರರು, ನಾನು, ಮತ್ತು ಜೀಪಿನ ಡ್ರೈವರ್. ಜನವರಿ ತಿಂಗಳು, ಸಂಕ್ರಾಂತಿ ಆಗಿ ನಾಲ್ಕು ದಿನ. ಫೋನು ಮಾಡಿ ಮೊದಲೇ ಹೆಸರು ಬರೆಸಿದ್ದೆವು. ಏಕೆಂದರೆ ಇಂಥ ಕಡೆ ಹೇಳದೆ ಕೇಳದೆ ಹೋದರೆ ಬಾಗಿಲಲ್ಲೇ ನಿಲ್ಲಬೇಕಾದೀತು.

ಎಲ್ಲಿಗೆ ಹೋಗಬೇಕು?

ಭಾರತದಲ್ಲಿ ನೊರೆ ವೈನಿನ ಸೀಮೆ ಎಂದರೆ ಮೊದಲು ಬರುವ ಹೆಸರು ನಾಸಿಕ. ಅಲ್ಲಿಯ ಸುಲಾ ಕಂಪನಿಯ ಮೊದಲ ವೈನು ಪೇಟೆಗೆ ಬಂದದ್ದು 2000ದಲ್ಲಿ. 2005ರಲ್ಲಿ ಅವರು ಪ್ರವಾಸಿಗರಿಗಾಗಿ ರುಚಿ ನೋಡುವ ಕೋಣೆ ತೆರೆದರು. ಇಂದು ಅಲ್ಲಿಗೆ ಜನ ಜಾತ್ರೆಯಂತೆ ಹೋಗುತ್ತಾರೆ. ಅದೇ ಜಿಲ್ಲೆಯ ದಿಂಡೋರಿಯಲ್ಲಿ ಫ್ರಾನ್ಸಿನ ಮೊಯೆ ಹೆನ್ನೆಸಿ ಸಂಸ್ಥೆ 'ಶಾಂಡೊನ್' ಎಂಬ ನೊರೆ ವೈನನ್ನು 2013ರಲ್ಲಿ ಪೇಟೆಗೆ ತಂದಿತು. ಶಾಂಪೇನ್ ಮಾಡುವ ಮನೆತನವೇ ನಮ್ಮ ಕಪ್ಪು ಮಣ್ಣಿನ ನಾಡಿಗೆ ಬಂದು ಕಾರಖಾನೆ ಹಾಕಿತೆಂದರೆ, ಈ ನೆಲದ ದ್ರಾಕ್ಷಿಯಲ್ಲಿ ಏನೋ ಇದೆ ಎಂದೇ ಅರ್ಥ. ಆದರೆ ಜತ್ತದಿಂದ ನಾಸಿಕಕ್ಕೆ ಒಂದೇ ದಿನದಲ್ಲಿ ಹೋಗಿ ಬರುವುದು ಆಗದ ಮಾತು.

ಕರ್ನಾಟಕದ ಕಡೆ ನಂದಿ ಬೆಟ್ಟದ ತಪ್ಪಲಲ್ಲಿ 1988ರಲ್ಲಿ ಶುರುವಾದ ಗ್ರೋವರ್ ತೋಟವಿದೆ. 2012ರಲ್ಲಿ ನಾಸಿಕದ ಜಂಪಾದೊಡನೆ ಕೂಡಿ ಅದು ಗ್ರೋವರ್ ಜಂಪಾ ಆಯಿತು. ಅವರದೂ ನೊರೆ ವೈನು ಇದೆ. ಬೆಂಗಳೂರಿನವರಿಗೆ ಅದು ಹತ್ತಿರ, ನಮಗೆ ಮತ್ತೂ ದೂರ.

ನಮಗೆ ಒಂದು ದಿನಕ್ಕೆ ಒದಗುವುದು ಸೊಲ್ಲಾಪುರ ಜಿಲ್ಲೆಯ ಅಕಲೂಜ. ಮಾಳಶಿರಸ ತಾಲೂಕಿನ ಈ ಊರು ನಮ್ಮವರಿಗೆ ಗೊತ್ತಿರುವುದು ಸಕ್ಕರೆ ಕಾರಖಾನೆಯಿಂದ, ಕಬ್ಬಿನ ಗ್ಯಾಂಗಿನಿಂದ. ಆದರೆ ಅಲ್ಲಿಂದ ಹತ್ತಿರದ ಮೋಟೆವಾಡಿಯಲ್ಲಿ 'ಫ್ರಾತೆಲ್ಲಿ' ಎಂಬ ವೈನ್ ಕಾರಖಾನೆ ಇದೆ. ಇಟಾಲಿಯನ್ ಭಾಷೆಯಲ್ಲಿ ಫ್ರಾತೆಲ್ಲಿ ಎಂದರೆ ಅಣ್ಣತಮ್ಮಂದಿರು. ಇಟಲಿಯ ಸೆಕ್ಕಿ ಸೋದರರು, ದಿಲ್ಲಿಯ ಸೇಖ್ರಿ ಸೋದರರು, ಅಕಲೂಜದ ಮೋಹಿತೆ-ಪಾಟೀಲ ಮನೆತನದವರು ಕೂಡಿ ಹುಟ್ಟುಹಾಕಿದ್ದಕ್ಕೆ ಈ ಹೆಸರು. ಮೋಟೆವಾಡಿ, ಗಾರವಾಡ, ನಿಮಗಾಂವ ಎಂಬ ಮೂರು ಕಡೆ ಇವರ ತೋಟಗಳಿವೆ. ಸಸಿಗಳನ್ನು ಫ್ರಾನ್ಸಿನಿಂದ ತರಿಸಿ ಹಚ್ಚಿದ್ದು. ವೈನಿನ ಸ್ವರೂಪವನ್ನು ಆರಂಭದಲ್ಲಿ ರೂಪಿಸಿದವರು ಇಟಲಿಯ ಟಸ್ಕನಿ ಪ್ರಾಂತದ ಪಿಯೆರೊ ಮಾಸಿ. 'ಗ್ರಾನ್ ಕುವೆ ಬ್ರುಟ್' ಎಂಬುದು ಇವರ ನೊರೆ ವೈನಿನ ಹೆಸರು.

ಹಾದಿಯ ಮಾತು

ಮುಂಜಾನೆ ಐದಕ್ಕೆ ಜತ್ತ ಬಿಟ್ಟೆವು. ಸಾಂಗೋಲೆ ದಾಟುವಾಗ ಬೆಳಕು ಹರಿದಿತ್ತು. ರಸ್ತೆಯ ಎರಡೂ ಬದಿಗೆ ದಾಳಿಂಬೆ. ಜತ್ತದಷ್ಟೇ ಬರದ ನೆಲ, ಅದೇ ಹನಿ ನೀರಾವರಿ ಪೈಪು, ಅದೇ ಪ್ಲಾಸ್ಟಿಕ್ ಹಾಳೆ ಹಾಸಿದ ಶೇತತಳೆ. "ನೋಡ್ರಿ, ನೀರ ಇಲ್ಲದಾವ್ರs ಹಣ್ಣ ಬೆಳಿತಾರ, ನೀರ ಇದ್ದಾವ್ರು ಕಬ್ಬ ಬೆಳಿತಾರ" ಎಂದರು ಮಾಸ್ತರರು. ಮಹೂದದಲ್ಲಿ ಚಹಾ ಕುಡಿದು, ವೇಳಾಪುರದ ಅರ್ಧನಾರೀನಟೇಶ್ವರನಿಗೆ ಜೀಪಿನಿಂದಲೇ ಕೈಮುಗಿದು ಮುಂದೆ ಸಾಗಿದೆವು. ವೇಳಾಪುರ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಕಾಲುವೆಯ ನೀರು, ಕಬ್ಬಿನ ಹಸಿರು.

ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಇತ್ತು. ಇದನ್ನು ಯಾಕೆ ಬರೆಯುತ್ತೇನೆಂದರೆ, ಇಂಥ ಪ್ರವಾಸಕ್ಕೆ ಹೋಗುವವರು ಹೊಟ್ಟೆ ತುಂಬಿಸಿಕೊಂಡೇ ಹೋಗಬೇಕು. ಬರಿ ಹೊಟ್ಟೆಯಲ್ಲಿ ರುಚಿ ನೋಡಲು ನಿಂತರೆ ರುಚಿಯೂ ತಿಳಿಯುವುದಿಲ್ಲ, ಕಾಲೂ ನಿಲ್ಲುವುದಿಲ್ಲ.

ತೋಟದಲ್ಲಿ

ತೋಟ ತೋರಿಸಲು ಬಂದ ಹುಡುಗ ಮರಾಠಿಯಲ್ಲಿ ಮಾತು ಶುರು ಮಾಡಿದ. ನಾವು ನಮ್ಮ ನಮ್ಮೊಳಗೆ ಕನ್ನಡ ಮಾತಾಡಿದ್ದು ಕೇಳಿ, "ಕಾಕಾ, ಮಲಾ ಪಣ ಥೋಡೀ ಕಾನಡೀ ಯೇತೆ" ಎಂದ. ಅಜ್ಜಿಯ ಊರು ಮಂಗಳವೇಢೆ ಕಡೆಯಂತೆ. ಅಲ್ಲಿಂದ ಮುಂದೆ ಅರ್ಧ ಮರಾಠಿ, ಅರ್ಧ ಕನ್ನಡ. ಗಡಿಯವರಿಗೆ ಇದರಷ್ಟು ಆರಾಮಿನ ಭಾಷೆ ಬೇರೊಂದಿಲ್ಲ.

ಪಡದೊಳಗೆ ಕಾಲಿಟ್ಟ ಕೂಡಲೇ ನಮ್ಮವರು ಸುಮ್ಮನಾದರು. ನಮ್ಮ ಚಪ್ಪರದ ಹಂಗಲ್ಲ, ವಾಯ್ ಆಕಾರದ ಕಂಬದ ಹಂಗೂ ಅಲ್ಲ. ನೆಟ್ಟಗೆ ತಂತಿ ಬಿಗಿದು, ಬಳ್ಳಿಯನ್ನು ಬೇಲಿಯಂತೆ ನಿಲ್ಲಿಸಿದ್ದಾರೆ. ಎಲೆಗೂ ಗೊನೆಗೂ ಗಾಳಿ, ಬಿಸಿಲು ಎರಡೂ ಸಿಗುವ ಹಾಗೆ. ಗೊನೆ ನಮ್ಮ ಅಂಗೈಯಷ್ಟೇ. ಕಾಳು ಬಟಾಣಿಯಷ್ಟು. ಕಾಕಾ ಒಂದು ಕಾಳು ಬಾಯಿಗೆ ಹಾಕಿ ಅಗಿದರು. ಸಿಪ್ಪೆ ದಪ್ಪ, ಒಳಗೆ ಬೀಜ. "ಇದನ್ನ ಪೇಟೆಗಿ ಒಯ್ದರ ಯಾರೂ ಕೈಲೆ ಮುಟ್ಟೂದಿಲ್ಲ" ಎಂದರು.

ಅವರು ಹೇಳಿದ್ದು ಸರಿ. ಅದೇ ಈ ಬೆಳೆಯ ಮೊದಲ ಪಾಠ. ನಾವು ಬೆಳೆಯುವ ಥಾಮ್ಸನ್, ತಾಸ್-ಎ-ಗಣೇಶ, ಸೋನಾಕಾ, ಮಾಣಿಕ ಚಮನ್ ಎಲ್ಲವೂ ಬೀಜವಿಲ್ಲದವು. ಕಾಳು ಉದ್ದ ಆಗಲಿ, ದಪ್ಪ ಆಗಲಿ ಎಂದು ಜಿ.ಎ. ಹೊಡೆಯುತ್ತೇವೆ, ಗೊನೆ ತೆಳುವು ಮಾಡುತ್ತೇವೆ. ವೈನಿನವರಿಗೆ ಬೇಕಾದದ್ದು ಇದರ ಉಲ್ಟಾ. ಕಾಳು ಸಣ್ಣದಿದ್ದಷ್ಟೂ ರಸಕ್ಕೆ ಸಿಪ್ಪೆಯ ಪ್ರಮಾಣ ಹೆಚ್ಚು. ವಾಸನೆ, ಬಣ್ಣ, ಒಗರು ಎಲ್ಲ ಸಿಪ್ಪೆಯಲ್ಲೇ ಇರುವುದು. ಹೀಗಾಗಿ ನೀರು ಕಡಿಮೆ ಕೊಟ್ಟು, ಗೊನೆ ಕಡಿಮೆ ಇಟ್ಟು, ಎಕರೆಗೆ ನಾಲ್ಕೈದು ಟನ್ನಿಗೆ ಬೆಳೆಯನ್ನು ಬಿಗಿ ಹಿಡಿಯುತ್ತಾರೆ. ಹತ್ತು-ಹನ್ನೆರಡು ಟನ್ ತೆಗೆದು ಅಭ್ಯಾಸವಾದ ನಮ್ಮ ರೈತನಿಗೆ ಇದು ಕರುಳು ಕಿವುಚುವ ಮಾತು.

ನೊರೆ ವೈನಿನ ದ್ರಾಕ್ಷಿಗೆ ಇನ್ನೊಂದು ವಿಶೇಷವಿದೆ. ಅದನ್ನು ಹಣ್ಣಾಗುವ ಮೊದಲೇ ಕೀಳುತ್ತಾರೆ. ನಾವು ಮಣೂಕಕ್ಕೆ ಬ್ರಿಕ್ಸ್ ಮೀಟರ್ ಹಿಡಿದು 22 ದಾಟಲಿ, 24 ಆಗಲಿ ಎಂದು ಕಾಯುತ್ತೇವೆ. ಅಷ್ಟರಲ್ಲಿ ಅಕಾಲದ ಮಳೆ ಬಂದು ಕೆಲಸ ಕೆಡಿಸುವುದೂ ಉಂಟು. ನೊರೆ ವೈನಿಗೆ 17ರಿಂದ 19ರೊಳಗೆ ಕೊಯ್ಲು. ಸಕ್ಕರೆ ಕಡಿಮೆ, ಹುಳಿ ಹೆಚ್ಚು ಇದ್ದಾಗಲೇ ಅದಕ್ಕೆ ಬೆಲೆ. ಸಪ್ಟೆಂಬರದಲ್ಲಿ ಗೋಡಿ ಛಾಟಣಿ ಮಾಡಿದ ಪಡದ ಹಣ್ಣು ಜನವರಿಗೆಲ್ಲ ಕಾರಖಾನೆ ಸೇರುತ್ತದೆ. ಮಾರ್ಚಿನ ಗಾರುಮಳೆಯ ಭಯ ಇಲ್ಲ. ಇದನ್ನು ಕೇಳಿ ಕಾಕಾನ ಮಗನ ಮುಖ ಅರಳಿತು. "ಅಪ್ಪಾ, ಎರಡ ತಿಂಗಳ ಮೊದಲ ಮಾಲ್ ಹೊರಗ ಹೋಕ್ಕೈತಿ ನೋಡು" ಎಂದ. ಕಾಕಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕೊಯ್ಲು ನಡೆಯುವುದು ನಸುಕಿನಲ್ಲಿ, ತಂಪು ಇರುವಾಗ. ಬಿಸಿಲೇರಿದ ಮೇಲೆ ಕಿತ್ತ ಹಣ್ಣು ಬುಟ್ಟಿಯಲ್ಲೇ ಬಿಸಿಯಾಗಿ ಹುದುಗು ಹಿಡಿದೀತು. ನಮ್ಮ ದೇಶದ ನೊರೆ ವೈನಿಗೆ ಹೆಚ್ಚಾಗಿ ಬಳಸುವುದು ಶೆನಿನ್ ಬ್ಲಾಂಕ್ ಎಂಬ ಬಿಳಿ ತಳಿ. ಮೂಲ ಫ್ರಾನ್ಸಿನದಾದರೂ ನಮ್ಮ ಬಿಸಿಲಿನಲ್ಲೂ ಹುಳಿ ಬಿಟ್ಟುಕೊಡುವುದಿಲ್ಲ. ಶಾಂಪೇನ್ ಪ್ರಾಂತದಲ್ಲಿ ಮುಖ್ಯವಾಗಿರುವವು ಶಾರ್ಡನೆ, ಪಿನೋ ನ್ವಾರ್, ಮುನಿಯೆ ಎಂಬ ಮೂರು ತಳಿಗಳು.

ನೊರೆ ಎಲ್ಲಿಂದ ಬಂತು?

ಕಾರಖಾನೆಯೊಳಗೆ ಮಾಸ್ತರರದೇ ಕಾರುಬಾರು. ನಮ್ಮ ಸಾವಕಾರರು "ಸೋಡಾ ತುಂಬತಾರೇನ್ರಿ?" ಎಂದು ಕೇಳಿದ್ದಕ್ಕೆ ಹುಡುಗ ನಕ್ಕು ಎಲ್ಲವನ್ನೂ ಬಿಡಿಸಿ ಹೇಳಿದ. ಮಾಸ್ತರರು ಪ್ರತಿ ಮಾತಿಗೂ ಒಂದು ಪ್ರಶ್ನೆ ಹಾಕಿದರು. ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ.

ದ್ರಾಕ್ಷಿ ರಸಕ್ಕೆ ಯೀಸ್ಟ್ ಸೇರಿದರೆ ಅದು ಸಕ್ಕರೆ ತಿಂದು ಎರಡು ವಸ್ತು ಕೊಡುತ್ತದೆ: ಮದ್ಯಸಾರ ಮತ್ತು ಕಾರ್ಬನ್ ಡೈಆಕ್ಸೈಡ್ ಗಾಳಿ. ಸಾದಾ ವೈನಿನಲ್ಲಿ ಈ ಗಾಳಿ ಟ್ಯಾಂಕಿನಿಂದ ಹೊರಗೆ ಹೋಗುತ್ತದೆ. ನೊರೆ ವೈನಿನಲ್ಲಿ ಹಾಗಲ್ಲ. ಮೊದಲು ಹುಳಿಯಾದ ಸಾದಾ ವೈನು ಮಾಡುತ್ತಾರೆ. ಅದನ್ನು ದಪ್ಪ ಗಾಜಿನ ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಒಂದಿಷ್ಟು ಯೀಸ್ಟ್ ಹಾಕಿ, ಸೋಡಾ ಬಾಟಲಿಯ ತರದ ಮುಚ್ಚಳ ಬಿಗಿಯುತ್ತಾರೆ. ಒಳಗೆ ಎರಡನೆಯ ಸಲ ಹುದುಗು ಏಳುತ್ತದೆ. ಈ ಸಲ ಗಾಳಿಗೆ ಹೋಗಲು ದಾರಿಯಿಲ್ಲ. ಅದು ವೈನಿನಲ್ಲೇ ಕರಗಿ ಕೂಡುತ್ತದೆ. ಒತ್ತಡ ಐದಾರು ವಾಯುಭಾರದಷ್ಟು ಏರುತ್ತದೆ, ಎಂದರೆ ನಮ್ಮ ಜೀಪಿನ ಟಾಯರಿನ ಗಾಳಿಯ ಎರಡೂವರೆ-ಮೂರು ಪಟ್ಟು. ಬಾಟಲಿ ದಪ್ಪ ಯಾಕೆ, ಬೂಚಿಗೆ ತಂತಿ ಯಾಕೆ ಎಂಬುದು ಇಲ್ಲಿ ತಿಳಿಯಿತು.

ಕೆಲಸ ಮುಗಿಸಿದ ಯೀಸ್ಟ್ ಸತ್ತು ತಳದಲ್ಲಿ ಕೂಡುತ್ತದೆ. ಅದರ ಮೇಲೆಯೇ ಬಾಟಲಿಯನ್ನು ತಿಂಗಳುಗಟ್ಟಲೆ ತಂಪಿನಲ್ಲಿ ಮಲಗಿಸಿಡುತ್ತಾರೆ. ಶಾಂಪೇನ್ ಪ್ರಾಂತದ ಕಾಯಿದೆಯಲ್ಲಿ ಬಾಟಲಿ ಮನೆ ಬಿಡುವ ಮೊದಲು ಕನಿಷ್ಠ 15 ತಿಂಗಳು ಕಳೆಯಬೇಕು. ಒಂದೇ ವರ್ಷದ ಬೆಳೆಯದು ಎಂದು ಹೆಸರು ಹಾಕುವುದಾದರೆ ಮೂರು ವರ್ಷ. ಬ್ರೆಡ್ಡಿನಂಥ ಹದವಾದ ವಾಸನೆ ಬರುವುದು ಈ ಕಾಯುವಿಕೆಯಿಂದ.

ಆಮೇಲೆ ಗಷ್ಟು ತೆಗೆಯಬೇಕು. ಬಾಟಲಿಯನ್ನು ದಿನಾ ಒಂದಿಷ್ಟು ತಿರುವುತ್ತ, ಓರೆ ಮಾಡುತ್ತ, ಕೊನೆಗೆ ತಲೆಕೆಳಗಾಗಿ ನಿಲ್ಲಿಸಿದರೆ ಗಷ್ಟೆಲ್ಲ ಬಾಯಿಗೆ ಬಂದು ಕೂಡುತ್ತದೆ. ಕೈಯಿಂದ ಮಾಡಿದರೆ ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಈಗ ಯಂತ್ರಗಳು ಒಂದು ವಾರದಲ್ಲಿ ಮುಗಿಸುತ್ತವೆ. ಈ ಯುಕ್ತಿ 1816ರ ಸುಮಾರಿಗೆ ಫ್ರಾನ್ಸಿನ ಕ್ಲಿಕೊ ಎಂಬ ಮನೆತನದಲ್ಲಿ ಹುಟ್ಟಿತೆನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ತಾನೇ ಹಿಡಿದು ನಡೆಸಿದ ಹೆಣ್ಣುಮಗಳು ಆ ಕ್ಲಿಕೊ. ಇಂದಿಗೂ ಆ ಬಾಟಲಿಯ ಮೇಲೆ 'ವಿಧವೆ ಕ್ಲಿಕೊ' ಎಂಬ ಅರ್ಥದ ಫ್ರೆಂಚ್ ಹೆಸರೇ ಇದೆ. ಇದನ್ನು ಕೇಳಿ ಕಾಕಾ, "ನಮ್ಮ ಅವ್ವನೂ ಹಂಗs ಮನಿ ನಡಿಸಿದಾಕಿ" ಎಂದು ಸಣ್ಣ ದನಿಯಲ್ಲಿ ಅಂದರು.

ಕೊನೆಗೆ ಬಾಟಲಿಯ ಕುತ್ತಿಗೆಯನ್ನು ಅತಿ ತಂಪಿನ ದ್ರಾವಣದಲ್ಲಿ ಅದ್ದಿ, ಗಷ್ಟು ಮಂಜಿನ ಬಿರಡೆಯಂತೆ ಗಟ್ಟಿಯಾದಾಗ ಮುಚ್ಚಳ ತೆಗೆಯುತ್ತಾರೆ. ಒಳಗಿನ ಒತ್ತಡವೇ ಅದನ್ನು ಹೊರಗೆ ಒಗೆಯುತ್ತದೆ. ಖಾಲಿಯಾದ ಜಾಗಕ್ಕೆ ವೈನು, ರುಚಿಗೆ ತಕ್ಕಷ್ಟು ಸಕ್ಕರೆ ಸೇರಿಸಿ ಬೂಚು ಹಾಕುತ್ತಾರೆ. ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಅದು 'ಬ್ರುಟ್'. ಇದೇ ಶಾಂಪೇನ್ ಪದ್ಧತಿ. ಇದಲ್ಲದೆ ಎರಡನೆಯ ಹುದುಗನ್ನು ದೊಡ್ಡ ಟ್ಯಾಂಕಿನಲ್ಲೇ ಎಬ್ಬಿಸುವ, ಖರ್ಚು ಕಡಿಮೆಯ ಪದ್ಧತಿಯೂ ಇದೆ.

ಮತ್ತೊಂದು ಮಾತು. ಶಾಂಪೇನ್ ಎಂಬುದು ಫ್ರಾನ್ಸಿನ ಒಂದು ಪ್ರಾಂತದ ಹೆಸರು. ಅಲ್ಲಿ ಬೆಳೆದು ಅಲ್ಲಿಯೇ ಆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಉಳಿದದ್ದೆಲ್ಲ ಸ್ಪಾರ್ಕ್ಲಿಂಗ್ ವೈನ್. ನಮ್ಮ ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಅರ್ಥವೂ ಇದೇ. ನೆಲದ ಹೆಸರು ನೆಲದವರ ಆಸ್ತಿ.

ರುಚಿಯ ಕೋಣೆ

ಕೊನೆಗೆ ಗ್ಲಾಸುಗಳು ಬಂದವು. ತಲಾ ನಾಲ್ಕು ಗುಟುಕಿನಷ್ಟು. ಮೊದಲು ಕಣ್ಣಿಂದ ನೋಡಿ, ಆಮೇಲೆ ಮೂಗು, ಆಮೇಲೆ ನಾಲಿಗೆ ಎಂದ ಹುಡುಗ. ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ಮಾಲು ಚಲೋ. ಪಕ್ಕದಲ್ಲಿ ಉಗುಳಲು ಒಂದು ಪಾತ್ರೆ ಇಟ್ಟಿದ್ದರು. "ರೊಕ್ಕಾ ಕೊಟ್ಟ ಉಗಳೂದs?" ಎಂದು ಸಾವಕಾರರು ಅಚ್ಚರಿಪಟ್ಟರು. ಆದರೆ ರುಚಿ ನೋಡುವುದೇ ಕಸುಬಾದವರು ಹತ್ತಾರು ಬಗೆ ನೋಡಬೇಕಾಗುತ್ತದೆ. ನುಂಗುತ್ತ ಹೋದರೆ ಲೆಕ್ಕ ತಪ್ಪುತ್ತದೆ.

ನನಗೆ ಮೊದಲು ಅನಿಸಿದ್ದು ಹುಳಿ. ಹಸಿರು ಸೇಬಿನ, ನಿಂಬೆಯ ಹುಳಿ. ಹಿಂದೆಯೇ ನಾಲಿಗೆಯ ಮೇಲೆ ಜುಮ್ಮೆನ್ನುವ ನೊರೆ, ಕೊನೆಗೆ ಬೇಕರಿಯ ಮುಂದೆ ಹಾದು ಹೋದಂಥ ವಾಸನೆ. ಕೊರಳಲ್ಲಿ ಲಿಂಗ ಧರಿಸಿದ ಕಾಕಾ ಗ್ಲಾಸನ್ನು ಮೂಗಿಗಷ್ಟೇ ಹಿಡಿದು, ನಮಸ್ಕಾರ ಮಾಡಿ ಕೆಳಗಿಟ್ಟರು. ಯಾರೂ ಒತ್ತಾಯ ಮಾಡಲಿಲ್ಲ. ಹಿಂದಕ್ಕೆ ಜೀಪು ನಡೆಸಬೇಕಾದ ಡ್ರೈವರನೂ ಮುಟ್ಟಲಿಲ್ಲ. ಇಬ್ಬರಿಗೂ ಚಹಾ ಬಂತು. ಕುಡಿಯದವರೂ ಇಂಥಲ್ಲಿಗೆ ಹೋಗಬಹುದು, ನೋಡಬೇಕಾದದ್ದು ಗ್ಲಾಸಿನಲ್ಲಷ್ಟೇ ಇಲ್ಲ. ಮಹಾರಾಷ್ಟ್ರದಲ್ಲಿ ವೈನ್ ಕುಡಿಯಲು 21 ವರ್ಷ ತುಂಬಿರಬೇಕು ಎಂಬುದೂ ನೆನಪಿರಲಿ.

ಕಾಕಾನ ಲೆಕ್ಕ

ಚಹಾ ಕುಡಿಯುತ್ತ ಕಾಕಾ ಕೇಳಿದರು: "ತಮ್ಮಾ, ಒಂದ ಬಾಟ್ಲಿಗಿ ಎಷ್ಟ ದ್ರಾಕ್ಷಿ ಬೇಕು?"

"ಕಿಲೋ, ಸವ್ವಾ ಕಿಲೋ, ಕಾಕಾ."

"ಮಣೂಕಕ್ಕ ನಾಕ ಕಿಲೋಕ್ಕ ಒಂದ ಕಿಲೋ. ಇಲ್ಲಿ ಸವ್ವಾ ಕಿಲೋದಾಗ ಒಂದ ಬಾಟ್ಲಿ. ಬಾಟ್ಲಿ ಸಾವಿರ ರೂಪಾಯಿ ಅಂತ ಹಿಡಿ. ರೈತಗ ಎಷ್ಟ ಬರತೈತಿ?"

ಹುಡುಗ ನಿಧಾನಕ್ಕೆ ಹೇಳಿದ. ಬಾಟಲಿ, ಬೂಚು, ತಂಪು ಕೋಣೆಯ ವಿದ್ಯುತ್ತು, ತಿಂಗಳುಗಟ್ಟಲೆ ಮಲಗಿದ ಮಾಲಿನ ಮೇಲಿನ ಬಡ್ಡಿ, ಸರಕಾರದ ಕರ, ಸಾಗಣೆ, ಅಂಗಡಿಯವನ ಪಾಲು. ಎಲ್ಲ ತೆಗೆದರೆ ದ್ರಾಕ್ಷಿಯ ಪಾಲು ಚೂರು. ಬಾಟಲಿಯ ದರ ನೋಡಿ ದ್ರಾಕ್ಷಿಯ ದರ ಊಹಿಸಬಾರದು. ಇದಲ್ಲದೆ ಈ ಕಾರಖಾನೆ ಮೊದಲಿನಿಂದಲೂ ನಿಂತದ್ದು ತನ್ನ ಸ್ವಂತ ತೋಟಗಳ ಹಣ್ಣಿನ ಮೇಲೆ. ರೈತರೊಂದಿಗೆ ವರ್ಷಾನುಗಟ್ಟಲೆ ಕರಾರು ಮಾಡಿಕೊಂಡು ಹಣ್ಣು ಕೊಳ್ಳುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ನಾಸಿಕದ ಕಡೆ.

"ಅಂದರ ನಮ್ಮ ಹಣ್ಣ ಕೊಳ್ಳೋರು ಯಾರು?" ಎಂದರು ಕಾಕಾ. ಮಗ ಮಾತಾಡಲಿಲ್ಲ.

ಹಳೆಯ ಪಾಠ

ಈ ಪ್ರಶ್ನೆಗೆ ನಮ್ಮ ರಾಜ್ಯದ ಇತಿಹಾಸದಲ್ಲೇ ಉತ್ತರವಿದೆ. ಭಾರತದಲ್ಲಿ ಶಾಂಪೇನ್ ಪದ್ಧತಿಯ ವೈನಿಗೆ ಹೆಸರು ತಂದ ಊರು ಪುಣೆ ಜಿಲ್ಲೆಯ ನಾರಾಯಣಗಾಂವ. 1980ರ ದಶಕದಲ್ಲಿ ಶಾಮರಾವ ಚೌಗುಲೆಯವರು ಫ್ರಾನ್ಸಿನ ಪೈಪರ್-ಹೈಡ್‌ಸೀಕ್ ಮನೆತನದ ತಾಂತ್ರಿಕ ನೆರವಿನಿಂದ ಅಲ್ಲಿ ಇಂಡೇಜ್ ಸಂಸ್ಥೆಯನ್ನು ಕಟ್ಟಿದರು. ಅವರ ವೈನು 'ಉಮರ್ ಖಯ್ಯಾಮ್' ಎಂಬ ಹೆಸರಿನಲ್ಲಿ ಪರದೇಶಕ್ಕೆ ಹೋಯಿತು. ಕೊನೆಗೆ ಸಾಲದ ಭಾರದಲ್ಲಿ ಅದೇ ಸಂಸ್ಥೆ ಕುಸಿಯಿತು.

2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣ ಧೋರಣೆ ತಂದು, ವೈನಿಗೆ ಕರದ ರಿಯಾಯತಿ ಕೊಟ್ಟಿತು. ನಾಸಿಕ ಜಿಲ್ಲೆಯ ವಿಂಚೂರಿನಲ್ಲಿ ಒಂದು, ನಮ್ಮದೇ ಸಾಂಗಲಿ ಜಿಲ್ಲೆಯ ಪಲೂಸಿನಲ್ಲಿ ಕೃಷ್ಣಾ ಕಣಿವೆಯ ಹೆಸರಿನಲ್ಲಿ ಇನ್ನೊಂದು ವೈನ್ ಪಾರ್ಕ್ ಹುಟ್ಟಿದವು. ಕರ್ನಾಟಕವೂ 2007ರಲ್ಲಿ ತನ್ನ ವೈನ್ ಧೋರಣೆ ಪ್ರಕಟಿಸಿತು. ಒಬ್ಬರನ್ನು ನೋಡಿ ಒಬ್ಬರು ವೈನಿನ ದ್ರಾಕ್ಷಿ ಹಚ್ಚಿದರು. 2008ರಲ್ಲಿ ಜಗತ್ತಿನ ಹಣಕಾಸಿನ ಮುಗ್ಗಟ್ಟು ಬಂತು, ಅದೇ ನವೆಂಬರದಲ್ಲಿ ಮುಂಬಯಿ ದಾಳಿ ನಡೆಯಿತು. ಹೋಟೆಲುಗಳು ಖಾಲಿ, ವೈನಿನ ಮಾರಾಟ ಇಳಿಯಿತು, ಟ್ಯಾಂಕುಗಳು ತುಂಬಿಯೇ ಉಳಿದವು. ಕೊಳ್ಳುವವರಿಲ್ಲದೆ ನಾಸಿಕ ಕಡೆಯ ಹಲವು ರೈತರು ವೈನಿನ ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ಹಚ್ಚಿದರು. ಪಲೂಸಿನ ಪಾರ್ಕೂ ಜನ ಕನಸು ಕಂಡಷ್ಟು ಬೆಳೆಯಲಿಲ್ಲ.

2022ರ ಜನವರಿಯಲ್ಲಿ ದೊಡ್ಡ ಕಿರಾಣಿ ಮಳಿಗೆಗಳಲ್ಲಿ ವೈನ್ ಮಾರಲು ಮಹಾರಾಷ್ಟ್ರ ಮಂತ್ರಿಮಂಡಲ ನಿರ್ಣಯಿಸಿತು. ದ್ರಾಕ್ಷಿ ಬೆಳೆಗಾರನಿಗೆ ಅನುಕೂಲ ಎಂಬುದು ಸರಕಾರದ ವಾದ. ಅದಕ್ಕೆ ಅಣ್ಣಾ ಹಜಾರೆಯವರಿಂದ ಹಿಡಿದು ಹಲವರ ವಿರೋಧ ಬಂತು. ಈ ಬೆಳೆಯ ದರ ಹೊಲದಲ್ಲಿ, ಪೇಟೆಯಲ್ಲಿ ಅಷ್ಟೇ ಅಲ್ಲ, ಮುಂಬಯಿಯ ಮಂತ್ರಾಲಯದಲ್ಲೂ ನಿರ್ಧಾರವಾಗುತ್ತದೆ ಎಂಬುದನ್ನು ರೈತ ಮರೆಯಬಾರದು.

ಮಣೂಕದ ಸಾವಕಾರರು ಹಿಂದಿರುಗುವಾಗ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. "ನಿಮ್ಮ ಥಾಮ್ಸನ್ನಿಗೆ ಮೂರ ಬಾಗಲಾ ಅದಾವ್ರಿ. ಹಸೀದ ಮಾರ್ರಿ, ಒಣಗಿಸಿ ಮಾರ್ರಿ, ಒಣಗಿಸಿದ್ದನ್ನ ಕೋಲ್ಡಿನ್ಯಾಗ ಇಟ್ಟ ದರಾ ಬಂದಾಗ ಮಾರ್ರಿ. ಈ ಬೀಜದ ಹಣ್ಣಿಗೆ ಬಾಗಲಾ ಒಂದs. ಆ ಬಾಗಲಾ ಅವ್ರ ಹಾಕಿಕೊಂಡರ ನೀವ ಎಲ್ಲಿ ಹೋಗ್ತೀರಿ?" ವ್ಯಾಪಾರಿಯಾಗಿ ಅವರಿಗೆ ತಮ್ಮ ಮಾಲಿನ ಚಿಂತೆ ಇದ್ದೀತು. ಆದರೂ ಮಾತು ಖರೆ.

ಹಾಗೆಂದು ಈ ದಾರಿಯೇ ಬೇಡ ಎನ್ನುವುದೂ ಸರಿಯಲ್ಲ. ಜತ್ತದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಟ್ಯಾಂಕರ್ ನೀರು ಹಾಕಿ ಬಾಗು ಉಳಿಸಿಕೊಂಡ ಬೇಸಿಗೆಗಳನ್ನು ನಾವೆಲ್ಲ ಕಂಡಿದ್ದೇವೆ. ಕಡಿಮೆ ನೀರು, ಕಡಿಮೆ ಭಾರ ಹೊರುವ, ಮಳೆಗಾಲದ ಗಂಡಾಂತರ ತಪ್ಪಿಸಿ ಜನವರಿಯಲ್ಲೇ ಕೈಗೆ ಬರುವ ಬೆಳೆ ಬರದ ನಾಡಿಗೆ ಒಲ್ಲದ ಮಾತಲ್ಲ. ಡಾಗ್‌ರಿಜ್ ಬೇರಿನ ಮೇಲೆ ನಿಂತ ಹಳೆಯ ಗಿಡಕ್ಕೆ ಹೊಸ ತಳಿಯ ಕಣ್ಣು ಕಟ್ಟಿ ಕಸಿ ಮಾಡಲೂ ಬರುತ್ತದೆ. ಪೂರಾ ಕಿತ್ತು ಹಾಕಬೇಕೆಂದೇನಿಲ್ಲ. ಕೊರತೆ ಇರುವುದು ನೆಲದಲ್ಲಲ್ಲ, ಕರಾರಿನಲ್ಲಿ.

ಕೇಳಬೇಕಾದ ಮಾತುಗಳು

ವೈನಿನ ತಳಿ ಹಚ್ಚಿರಿ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಈ ಪ್ರಶ್ನೆಗಳನ್ನು ಕೇಳಿರಿ. ಕೊಳ್ಳುವ ಕಂಪನಿ ಯಾವುದು, ಕರಾರು ಕಂಪನಿಯದೋ ಮಧ್ಯಸ್ಥನದೋ? ಎಷ್ಟು ವರ್ಷದ್ದು? ದರ ಯಾವ ಬ್ರಿಕ್ಸಿಗೆ, ಯಾವ ಹುಳಿಗೆ? ಅದನ್ನು ಅಳೆಯುವವರು ಯಾರು, ನಮ್ಮ ಎದುರಿಗೋ ಕಾರಖಾನೆಯೊಳಗೋ? ಬಿಸಿಲಿಗೆ ಬ್ರಿಕ್ಸ್ ಏರಿಬಿಟ್ಟರೆ ಹಣ್ಣು ಒಯ್ಯುತ್ತಾರೋ ಬಿಡುತ್ತಾರೋ? ಸಾಗಣೆಯ ಖರ್ಚು ಯಾರದು? ರೊಕ್ಕ ಎಷ್ಟು ದಿನದಲ್ಲಿ? ಕರಾರಿನ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ಓದಿ ಹೇಳುವವರು ಯಾರು? ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರವಿದೆ. ತಳಿ, ಬೇರು, ಮಣ್ಣಿನ ಬಗ್ಗೆ ಮಧ್ಯಸ್ಥನಿಗಿಂತ ಅಲ್ಲಿಯವರನ್ನು ಕೇಳುವುದು ಮೇಲು.

ನೋಡಲು ಹೋಗುವವರಿಗೆ ಇನ್ನೆರಡು ಮಾತು. ಡಿಸೆಂಬರ ಕೊನೆಯಿಂದ ಮಾರ್ಚಿನವರೆಗೆ ಹೋದರೆ ಗೊನೆ, ಕೊಯ್ಲು, ಕಾರಖಾನೆ ಎಲ್ಲ ಒಟ್ಟಿಗೆ ನೋಡಲು ಸಿಗುತ್ತವೆ. ಮಳೆಗಾಲದಲ್ಲಿ ಬರಿ ಎಲೆ. ಬಾಟಲಿ ಕೊಂಡರೆ ಬಿಲ್ಲು ಇಟ್ಟುಕೊಳ್ಳಿರಿ. ಎರಡೂ ರಾಜ್ಯಗಳ ಅಬಕಾರಿ ನಿಯಮ ಬೇರೆ ಬೇರೆ ಇರುವುದರಿಂದ, ಗಡಿಯಾಚೆಯ ನೆಂಟರಿಗೆಂದು ಚೀಲದಲ್ಲಿ ಹಾಕಿಕೊಂಡು ನಾಕೆ ದಾಟುವ ಉಸಾಬರಿ ಬೇಡ.

ಉಮದಿಯ ಆ ಎರಡು ಎಕರೆ ಪಡ ಈಗಲೂ ನಿಂತಿದೆ. ಏಪ್ರಿಲ್ ಛಾಟಣಿಯೂ ಆಯಿತು. ಲೇಖೀ ಕರಾರು ತರುತ್ತೇನೆಂದು ಹೋದ ಮಧ್ಯಸ್ಥ ಇನ್ನೂ ಬಂದಿಲ್ಲ. ಕಾಕಾನ ಮಗ ಆಸೆ ಬಿಟ್ಟಿಲ್ಲ. ಬದುವಿನ ಪಕ್ಕದ ನಾಲ್ಕು ಸಾಲಿಗೆ ಶೆನಿನ್ ಬ್ಲಾಂಕ್ ಕಣ್ಣು ಕಟ್ಟಿ ನೋಡುವೆ ಎನ್ನುತ್ತಾನೆ. ಅದಕ್ಕೆ ತಂದೆಯ ಒಪ್ಪಿಗೆ ಸಿಕ್ಕಿದೆ. "ನಾಕ ಸಾಲ ಕೆಟ್ಟರ ಕಲ್ತಂಗ ಆತು, ಎರಡ ಎಕರೆ ಕೆಟ್ಟರ ಮನೀನs ಕೆಟ್ಟಂಗ" ಎನ್ನುತ್ತಾರೆ ಅವರು.